ಒಂದು ಸೀರೆಯ ತೂಕ

ಬಾಣಂತಿಯ ಜೊತೆಗೆ ಆಸ್ಪತ್ರೆಗೆ ಬರುವವರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಮೊದಲನೆಯವರು ಮಂಚದ ಮೇಲೆ ತಾವು ಕಾಲು ಚಾಚಿ ಮಲಗಿ, ಹೆತ್ತವಳನ್ನು ಕುರ್ಚಿಯಲ್ಲಿ ಕೂರಿಸುವವರು. ಎರಡನೆಯವರು ಗಳಿಗೆಗೊಮ್ಮೆ ಓಡಿಬಂದು "ಸಿಸ್ಟರೇ, ಕೂಸು ಸೀನ್ತು" ಎನ್ನುವವರು. ಇವರಿಬ್ಬರನ್ನೂ ಬೈದು ಬೈದು ನನ್ನ ಬಾಯಿ ಜೋರಾಗಿದೆ. ಹೊಸದುರ್ಗದ ನಮ್ಮ ಪುಟ್ಟ ಹೆರಿಗೆ ಆಸ್ಪತ್ರೆಯಲ್ಲಿ "ಇವತ್ತು ಸಿಮ್ರಾನ್ ಸಿಸ್ಟರ್ ಡ್ಯೂಟಿ" ಎಂದು ಯಾರಾದರೂ ಅಂದರೆ ಸಾಕು, ಚಪ್ಪಲಿಗಳೆಲ್ಲ ಬಾಗಿಲಾಚೆ ಸಾಲಾಗಿ ನಿಲ್ಲುತ್ತವೆ. ನನಗೆ ಇದರ ಬಗ್ಗೆ ನಾಚಿಕೆ ಏನಿಲ್ಲ.

ಏಕಾಂತಮ್ಮ ಈ ಎರಡು ಬಗೆಗೂ ಸೇರಿದವರಲ್ಲ. ಮಗಳು ಸುಚಿತ್ರಾಳನ್ನು ಚೊಚ್ಚಲ ಹೆರಿಗೆಗೆಂದು ತಾಳ್ಯದ ತವರಿನಿಂದ ಕರೆತಂದಿದ್ದರು. ನಡುವೆ ಹೊಳಲ್ಕೆರೆ ಇದ್ದರೂ ಅದನ್ನು ದಾಟಿ ಇಲ್ಲಿಗೇ ಬಂದದ್ದು ನಮ್ಮ ಅನುಪಮಾ ಡಾಕ್ಟರ ಕೈಗುಣ ಕೇಳಿ. ಬಂದವರೇ ಸೆರಗು ಸಿಕ್ಕಿಸಿ ಮಂಚದ ಕಾಲುಗಳನ್ನೆಲ್ಲ ಒರೆಸಿದರು. ಬಿಸಿಲಿಗೆ ಒಣಗಿಸಿ ಮಡಚಿ ತಂದಿದ್ದ ಬಟ್ಟೆಗಳನ್ನು ತಲೆದಿಂಬಿನ ಪಕ್ಕ ಜೋಡಿಸಿದರು. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದರು:

"ಬಳೆ ತಾಜ್ ಬೀ ಮೊಮ್ಮಗಳಾ ನೀನು? ಮೂಗು ಹಂಗೇ ಐತೆ."

"ಹೌದಮ್ಮ."

"ನನ್ನ ಮದ್ವೆಗೆ ಬಳೆ ತೊಡ್ಸಿದ್ದು ನಿಮ್ಮಜ್ಜೀನೆ ಕಣವ್ವ. ಕೈ ಒಂದ್ಚೂರೂ ನೋಯಿಸ್ಲಿಲ್ಲ."

ಅಲ್ಲಿಂದ ನಾನು ಅವರಿಗೆ ಸಿಸ್ಟರ್ ಅಲ್ಲ, "ಮಗಾ". ಅವರನ್ನು ಕಂಡರೆ ನನಗೂ ಖುಷಿಯಾಗತೊಡಗಿತು.

ಬೆಳಿಗ್ಗೆ ಸುಚಿತ್ರಾಗೆ ಹೆಣ್ಣು ಕೂಸು ಹುಟ್ಟಿತು. ಸಹಜ ಹೆರಿಗೆ. ಮಾಸು ಪೂರ್ತಿ ಬಿತ್ತು, ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡಿತು, ಡಾಕ್ಟರು ನೋಡಿ ತಲೆಯಾಡಿಸಿದರು. ಕೂಸನ್ನು ತಕ್ಕಡಿಯಲ್ಲಿ ಮಲಗಿಸಿದರೆ ಎರಡೂವರೆ ಕೆಜಿ ಚಿಲ್ಲರೆ. ತಣ್ಣನೆಯ ತಟ್ಟೆ ತಾಗಿದ್ದೇ ತಡ, ಇಡೀ ವಾರ್ಡಿಗೆ ಕೇಳುವ ಹಾಗೆ ಕಿರುಚಿತು. "ಬಾಯಿ ನಿನ್ ಹಂಗೇ ಐತೆ" ಎಂದು ಆಯಾ ಓಬಕ್ಕ ನನ್ನನ್ನು ರೇಗಿಸಿದಳು.

ಬಾಣಂತಿಗೆ ನಾವು ಪ್ಯಾಡ್ ಕೊಡುತ್ತೇವೆ. ಏಕಾಂತಮ್ಮ ಬೇಡ ಎಂದರು. "ನಮ್ದು ಒಂದು ಹಳೇ ಸೀರೆ, ಹರಿದು ತಂದೀವಿ. ಮೆತ್ತಗೈತೆ, ಮೈಗೆ ಹಿತ." ಬಟ್ಟೆ ನೋಡಿದೆ. ಬೆಳ್ಳಗೆ, ಚೊಕ್ಕಟವಾಗಿತ್ತು. ಸರಿ ಎಂದೆ. ಆಮೇಲೆ ಎರಡು ಮೂರು ಸಲ ಹೋಗಿ ನೋಡಿದಾಗಲೂ ಸುಚಿತ್ರಾಳ ಬಟ್ಟೆಯಲ್ಲಿ ಇದ್ದದ್ದು ಸ್ವಲ್ಪವೇ ಕೆಂಪು. ಹಾಸಿಗೆಯ ಮೇಲೆ ಒಂದು ಕಲೆಯೂ ಇಲ್ಲ. ಪಕ್ಕದ ಮಂಚದವರಿಗೆ ಕೇಳುವಂತೆಯೇ ಹೇಳಿದೆ, "ನೋಡಿ ಕಲೀರಿ, ಹೆಂಗೆ ಇಟ್ಕಂಡಿದಾರೆ ಅಂತ."

ಏಕಾಂತಮ್ಮ ನಾಚಿಕೊಂಡು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

ಮಧ್ಯಾಹ್ನ ಒಂದು ತುರ್ತು ಸಿಸೇರಿಯನ್ ಬಂತು. ಅನುಪಮಾ ಡಾಕ್ಟರು, ಅರಿವಳಿಕೆಯ ಡಾಕ್ಟರು, ಇನ್ನೊಬ್ಬ ನರ್ಸು ಮೂವರೂ ಥಿಯೇಟರ್ ಒಳಗೆ ಹೋದರು. ಹೊರಗೆ ವಾರ್ಡಿಗೆ ನಾನು, ಓಡಾಟಕ್ಕೆ ಓಬಕ್ಕ. ಸಣ್ಣ ಆಸ್ಪತ್ರೆ ಎಂದರೆ ಇಷ್ಟೇ ಜನ. ಸಾಲದ್ದಕ್ಕೆ ಕರೆಂಟೂ ಹೋಯಿತು. ಜನರೇಟರ್ ಥಿಯೇಟರಿಗೆ ಮಾತ್ರ. ವಾರ್ಡಿನ ಫ್ಯಾನುಗಳು ನಿಂತವು, ಎಲ್ಲರೂ ಕೈಗೆ ಸಿಕ್ಕಿದ್ದರಲ್ಲಿ ಗಾಳಿ ಬೀಸಿಕೊಳ್ಳತೊಡಗಿದರು.

ನಾನು ಮೊದಲ ಮಂಚದ ಕೂಸಿಗೆ ಎದೆ ಹಿಡಿಸುವುದನ್ನು ಹೇಳಿಕೊಡುತ್ತಿದ್ದೆ. ಹಿಂದಿನಿಂದ ಸುಚಿತ್ರಾಳ ಸಣ್ಣ ದನಿ ಕೇಳಿತು.

"ಅಕ್ಕಾ, ಫ್ಯಾನ್ ಸ್ವಲ್ಪ ಕಮ್ಮಿ ಮಾಡ್ರಿ. ಬಾಳ ಜೋರಾಗಿ ತಿರುಗ್ತೈತೆ. ಚಳಿ."

ತಲೆಯೆತ್ತಿ ನೋಡಿದೆ. ಫ್ಯಾನು ಅಲ್ಲಾಡುತ್ತಿರಲಿಲ್ಲ.

ಕೂಸನ್ನು ಅದರ ತಾಯಿಯ ಕೈಗೆ ಬಿಟ್ಟು ಬಂದೆ. ಸುಚಿತ್ರಾ ಮೂಗಿನವರೆಗೆ ಕಂಬಳಿ ಹೊದ್ದಿದ್ದಳು. ವಾರ್ಡಿನವರೆಲ್ಲ ಬೆವರಿನಲ್ಲಿ ತೊಯ್ದಿದ್ದರೆ ಇವಳ ಕೈ ತಣ್ಣಗಿತ್ತು. ಹಸಿರು ಬಳೆಗಳನ್ನು ಮೇಲೆ ಸರಿಸಿ ನಾಡಿ ಹಿಡಿದರೆ ಅದು ಓಡುತ್ತಿತ್ತು, ಸಿಕ್ಕಂತೆ ಮಾಡಿ ಜಾರುತ್ತಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಬಿಳಿ. ಬಿ.ಪಿ. ಪಟ್ಟಿ ಸುತ್ತಿದೆ. ಇಳಿದಿತ್ತು. ನಂಬಿಕೆ ಬಾರದೆ ಮತ್ತೊಮ್ಮೆ ಸುತ್ತಿದೆ. ಇನ್ನೂ ಇಳಿದಿತ್ತು.

"ಹೆತ್ತ ಸುಸ್ತು ಮಗಾ. ಮಲಗ್ಲಿ, ಎಬ್ಬಿಸ್ಬ್ಯಾಡ," ಎಂದರು ಏಕಾಂತಮ್ಮ.

"ಇದು ಸುಸ್ತಲ್ಲ ಅಮ್ಮ. ನೀವು ಸರೀರಿ."

ಹೊಟ್ಟೆ ಒತ್ತಿ ನೋಡಿದೆ. ಗರ್ಭಕೋಶ ಮೋಸಂಬಿಯಂತೆ ಗಟ್ಟಿಯಾಗಿಯೇ ಇತ್ತು. ಅದು ಮೆತ್ತಗಾಗಿದ್ದರೆ ಏನು ಮಾಡಬೇಕೆಂದು ನನಗೆ ನಿದ್ದೆಯಲ್ಲೂ ಗೊತ್ತು. ಬಟ್ಟೆ ನೋಡಿದೆ. ಚೊಕ್ಕಟ. ನಡುವೆ ಒಂದು ಅಂಗೈಯಷ್ಟು ಹಸಿ ಕೆಂಪು. ಹತ್ತಿರ ಬಗ್ಗಿ ನೋಡಿದಾಗ ಮಾತ್ರ ಕಂಡಿತು: ದಾರದ ಎಳೆಯಷ್ಟು ಸಣ್ಣಗೆ, ನಿಲ್ಲದೆ ಇಳಿಯುತ್ತಿದ್ದ ರಕ್ತ. ಬಾಣಂತಿಯ ಮೈಯಿಂದ ಇಷ್ಟು ಹೋಗುವುದು ಏನೂ ಅಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಬೆಳಿಗ್ಗೆಯಿಂದ ಹೀಗೇ ಇಳಿದಿದ್ದರೆ? ಇಳಿದಿದ್ದರೆ ಬಟ್ಟೆಗಳಾದರೂ ಇರಬೇಕಲ್ಲ?

ಓಬಕ್ಕನನ್ನು ಕೂಗಿ ಕಾಲ ಕಡೆ ಮಂಚ ಎತ್ತರಿಸಲು ಹೇಳಿ, ಥಿಯೇಟರಿನ ಬಾಗಿಲಿಗೆ ಓಡಿದೆ. ಬಾಗಿಲ ಸಂದಿಯಿಂದಲೇ ಹೇಳಿದೆ. ಅನುಪಮಾ ಡಾಕ್ಟರು ತಲೆಯೆತ್ತಲಿಲ್ಲ. ಅವರ ಎರಡೂ ಕೈ ಒಬ್ಬಳ ಹೊಟ್ಟೆಯೊಳಗಿದ್ದವು.

"ಒಟ್ಟು ಎಷ್ಟು ರಕ್ತ ಹೋಗಿದೆ ಸಿಮ್ರಾನ್?"

"ಗೊತ್ತಾಗ್ತಿಲ್ಲ ಮೇಡಂ. ಬಟ್ಟೆ ಚೊಕ್ಕಟ ಇದೆ."

"ಎರಡೂ ಕೈಗೆ ಡ್ರಿಪ್ ಹಾಕು. ರಕ್ತ ಕಟ್ಟೋ ಇಂಜೆಕ್ಷನ್ ಕೊಡು. ಆದರೆ ನನಗೆ ಲೆಕ್ಕ ಬೇಕು. ಬರೀ ನಿಶ್ಶಕ್ತಿ ಆಗಿದ್ರೆ ಡ್ರಿಪ್ಪಿಗೆ ಸರಿಹೋಗ್ತಾಳೆ. ತುಂಬಾ ಹೋಗಿದ್ರೆ ಒಳಗೆಲ್ಲೋ ಹರಿದಿದೆ ಅಂತ ಅರ್ಥ. ಆಗ ಸರ್ಕಾರಿ ಆಸ್ಪತ್ರೆಯಿಂದ ರಾಜಕುಮಾರ್ ಡಾಕ್ಟರನ್ನ ಕರೆಸಿ ಇವಳನ್ನ ಅವರ ಕೈಗೆ ಕೊಟ್ಟು ನಾನು ಬರಬೇಕು. ಚಿತ್ರದುರ್ಗದಿಂದ ರಕ್ತ ತರಿಸಬೇಕು. ಅಂದಾಜಿನ ಮೇಲೆ ಈ ಹೊಟ್ಟೆ ಬಿಟ್ಟು ಬರಕ್ಕಾಗಲ್ಲ. ಬೇಗ ಹೇಳು."

ಅವರ ಮಾತು ಸರಿಯಾಗಿಯೇ ಇತ್ತು. ಅಲ್ಲಿಯೂ ಒಂದು ಜೀವ, ಇಲ್ಲಿಯೂ ಒಂದು ಜೀವ.

ವಾರ್ಡಿಗೆ ಬಂದವಳೇ ಕಸದ ಬುಟ್ಟಿ ನೋಡಿದೆ. ಬಚ್ಚಲು ನೋಡಿದೆ. ಮಂಚದ ಕೆಳಗೆ ಬಗ್ಗಿ ನೋಡಿದೆ. ಒಂದು ತುಂಡೂ ಇಲ್ಲ. ತಲೆದಿಂಬಿನ ಪಕ್ಕ ಬೆಳಿಗ್ಗೆ ಇದ್ದ ಬಟ್ಟೆಯ ಗಂಟು ಮಾತ್ರ ಪೂರ್ತಿ ಕರಗಿ ಹೋಗಿತ್ತು. ಉಳಿದದ್ದು ಕೊನೆಯ ತುಂಡು, ಸುಚಿತ್ರಾಳ ಮೈಮೇಲಿದ್ದದ್ದು.

"ಅಮ್ಮ, ಎಷ್ಟು ಸಲ ಬಟ್ಟೆ ಬದಲಾಯಿಸಿದ್ರಿ?"

ಏಕಾಂತಮ್ಮನ ಮುಖ ಬಾಗಿಲು ಹಾಕಿಕೊಂಡಂತಾಯಿತು. "ಅದನ್ನೆಲ್ಲ ಕೇಳ್ಬಾರ್ದು ಮಗಾ."

"ಬಟ್ಟೆ ಎಲ್ಲಿವೆ?"

"ಇದಾವೆ ಬಿಡು."

"ಎಲ್ಲಿ?"

ಅವರು ಕಿಟಕಿಯ ಕಡೆ ನೋಡಿದರು. "ನಮ್ಮೆಜಮಾನ್ರು ಚೀಲ ತಗಂಡು ಹೋದ್ರು. ನಮ್ಮ ಹೊಲ್ದಾಗೆ ಹೂಳಾಕೆ. ಹೊತ್ತು ಮುಳುಗೋ ಮುಂಚೆ ಹೂಳ್ಬೇಕು."

ನನಗೆ ಬಂದ ಸಿಟ್ಟು ಹೇಳತೀರದು. ಇಷ್ಟು ಹೊತ್ತು ನಾನು ಹೊಗಳಿದ್ದು ಇದನ್ನೇ. ನಾನು ಬರುವ ಹೆಜ್ಜೆಯ ಸಪ್ಪಳ ಕೇಳಿದ ಕೂಡಲೇ ನೆಂದ ಬಟ್ಟೆ ತೆಗೆದು ಒಣ ಬಟ್ಟೆ ಇಟ್ಟಿದ್ದಾರೆ. ಪ್ರತಿ ಸಲವೂ ನಾನು ನೋಡಿದ್ದು ಆಗತಾನೇ ಇಟ್ಟ ಬಟ್ಟೆಯನ್ನು.

"ನಿಮ್ಮ ಮಗಳ ಮೈಯಾಗಿನ ರಕ್ತ ಎಲ್ಲ ಚೀಲ್ದಾಗೆ ತುಂಬಿ ಊರಿಗೆ ಕಳಿಸಿದೀರಲ್ಲ, ನಿಮಗೆ ಬುದ್ಧಿ ಐತಾ?" ಎಂದು ಕಿರುಚಿಬಿಟ್ಟೆ. ವಾರ್ಡಿನ ಬೀಸಣಿಗೆಗಳೆಲ್ಲ ನಿಂತವು. "ಎಷ್ಟು ತುಂಡು ಹೇಳ್ರಿ. ಐದಾ? ಹತ್ತಾ? ಪೂರ್ತಿ ನೆಂದಿದ್ವಾ?"

"ನಾ ಎಣಿಸಿಲ್ಲ. ಎಣಿಸ್ಬಾರ್ದು. ಮುಖ ತಿರುವಿ ತೆಗೀಬೇಕು, ಮುಖ ತಿರುವೇ ಚೀಲಕ್ಕೆ ಹಾಕ್ಬೇಕು. ಹೊರಗಿನ ಕಣ್ಣು ಬಿದ್ರೆ ತಾಯಿ ಎದೆ ಬತ್ತುತೈತೆ." ಕೂಸಿನ ಕಡೆ ನೋಡಿದರು. "ಕೂಸು ಉಳಿಯಲ್ಲ ಮಗಾ."

ನಾನು ಅಷ್ಟರಲ್ಲಿ ಸುಚಿತ್ರಾಳ ಬಲಗೈಗೆ ಪಟ್ಟಿ ಬಿಗಿದು ನರ ಹುಡುಕುತ್ತಿದ್ದೆ. ಬೆಳಿಗ್ಗೆ ದಪ್ಪಗೆ ಕಾಣುತ್ತಿದ್ದ ನರಗಳು ಈಗ ಎಲ್ಲೋ ಅಡಗಿಕೊಂಡಿದ್ದವು. ಮೊದಲ ಸೂಜಿ ತಪ್ಪಿತು. ಏಕಾಂತಮ್ಮನ ಕೈಗೆ ಡ್ರಿಪ್ಪಿನ ಬಾಟಲಿ ಕೊಟ್ಟು, "ಎತ್ತರ ಹಿಡೀರಿ" ಎಂದೆ. ಹಿಡಿದರು.

"ಯಾರು ಹೇಳಿದ್ದು ನಿಮಗೆ, ಎದೆ ಬತ್ತುತೈತೆ ಅಂತ?"

"ಯಾರೂ ಹೇಳೋದು ಬ್ಯಾಡ. ನಾನೇ ಕಂಡೀನಿ." ಬಾಟಲಿಯನ್ನೇ ನೋಡುತ್ತ ಹೇಳಿದರು. "ಇವಳಿಗಿಂತ ಮುಂಚೆ ನಂಗೊಂದು ಗಂಡು ಕೂಸಾಗಿತ್ತು. ಮನೇಲೇ ಹೆರಿಗೆ. ಬಟ್ಟೆ ಹಿತ್ಲಾಗೆ ಬೇಲಿ ಮಗ್ಗುಲಿಗೆ ಇಟ್ಟಿದ್ದೆ, ಎದ್ದು ಹೂಳಾಕೆ ಆಗ್ಲಿಲ್ಲ. ನಾಯಿ ಎಳ್ಕಂಡು ಬೀದಿಗೆ ತಂದ್ವು. ಓಣಿಯೋರೆಲ್ಲ ನೋಡಿದ್ರು. ಅವತ್ತಿಂದ ನನ್ನ ಎದೇಲಿ ಒಂದು ಹನಿ ಹಾಲು ಬರ್ಲಿಲ್ಲ. ಆಡಿನ ಹಾಲು ಹಾಕಿದ್ರು, ಸಕ್ಕರೆ ನೀರು ಹಾಕಿದ್ರು. ಕೂಸು ಉಳೀಲಿಲ್ಲ. ನಮ್ಮತ್ತೆ ಅಂದ್ರು, ನಿನ್ ಕೈಯಾರೆ ಕಳ್ಕಂಡೆ ಅಂತ."

ಎರಡನೇ ಸೂಜಿ ಸೇರಿತು. ಹನಿ ಜೋರಾಗಿ ಇಳಿಯಲೆಂದು ಪೈಪಿನ ಗಾಲಿ ಪೂರ್ತಿ ಬಿಟ್ಟೆ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಈ ಹೆಂಗಸು ಮಗಳ ಪ್ರಾಣದ ಜೊತೆ ಹುಡುಗಾಟ ಆಡುತ್ತಿಲ್ಲ. ಮೊಮ್ಮಗಳ ಪ್ರಾಣ ಕಾಯುತ್ತಿದ್ದೇನೆ ಎಂದುಕೊಂಡು ಮಗಳ ಪ್ರಾಣ ಸೋರಿಹೋಗಲು ಬಿಟ್ಟಿದ್ದಾರೆ.

"ಎದ್ದು ಹೂಳಾಕೆ ಆಗ್ಲಿಲ್ಲ ಅಂದ್ರಲ್ಲ. ಯಾಕೆ ಆಗ್ಲಿಲ್ಲ?"

"ಎದ್ರೆ ಕಣ್ಣು ಕತ್ತಲೆ ಬರೋದು. ಆಮ್ಯಾಕೂ ಎಷ್ಟೋ ದಿನ ಗೋಡೆ ಹಿಡ್ಕಂಡೇ ನಡದೆ."

"ಅವತ್ತು ನಿಮಗೆ ಬಾಳ ರಕ್ತ ಹೋಗಿತ್ತಾ?"

ಏಕಾಂತಮ್ಮನ ಕಣ್ಣು ಮಗಳ ಮುಖದ ಮೇಲೆ ಬಿತ್ತು, ಅಲ್ಲೇ ನಿಂತಿತು. ಆ ಬಿಳಿಚಿದ ಬಣ್ಣವನ್ನು ಅವರು ಹಿಂದೆ ಎಂದೋ ಕನ್ನಡಿಯಲ್ಲಿ ನೋಡಿದ್ದಿರಬೇಕು.

"ಅಮ್ಮ, ಕೇಳ್ರಿ ಇಲ್ಲಿ. ಮೈಯಾಗಿನ ರಕ್ತ ಮಿತಿಮೀರಿ ಹೋದ್ರೆ ಹಾಲು ಬರಲ್ಲ. ನಾವಿದನ್ನ ಓದೀವಿ, ಕಣ್ಣಾರೆ ಕಂಡೀವಿ. ನಿಮ್ಮ ಹಾಲನ್ನ ನಾಯಿ ತಗಂಡು ಹೋಗ್ಲಿಲ್ಲ. ನಾಯಿ ಬರೋ ಮುಂಚೇನೇ ಹೋಗಿತ್ತು. ಈಗ ಇವಳಿಗೂ ಅದೇ ಆಗ್ತೈತೆ. ಈ ಕೂಸಿಗೆ ಹಾಲು ಬೇಕು ಅಂದ್ರೆ ಇವಳ ರಕ್ತ ನಿಲ್ಲಬೇಕು. ಎಷ್ಟು ಹೋಗೈತೆ ಅಂತ ಡಾಕ್ಟರಿಗೆ ಹೇಳಿದ್ರೆ ಮಾತ್ರ ಅವರು ಬರ್ತಾರೆ."

"ನಾ ನೋಡೇ ಇಲ್ವಲ್ಲ ಮಗಾ," ಎಂದು ಅತ್ತುಬಿಟ್ಟರು. "ನಿನ್ನಾಣೆ ನೋಡಿಲ್ಲ. ಏನಂತ ಹೇಳ್ಲಿ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಲೆಕ್ಕ ಇದ್ದದ್ದು ಆ ಚೀಲದಲ್ಲಿ ಮಾತ್ರ.

ಫೋನ್ ಕೊಡಿ ಎಂದೆ. ಅವರ ಯಜಮಾನರು ಬೋರಣ್ಣ. ಬೆಳಿಗ್ಗೆ ಕೂಸಿನ ಕೆನ್ನೆ ಮುಟ್ಟಲೂ ಹೆದರಿ ದೂರ ನಿಂತಿದ್ದ ಮನುಷ್ಯ. ರಿಂಗಾಯಿತು, ಎತ್ತಲಿಲ್ಲ. ಬೈಕಿನ ಮೇಲಿರಬೇಕು. ಮತ್ತೆ ಮಾಡಿದೆ. ಎತ್ತಲಿಲ್ಲ. ಸುಚಿತ್ರಾ ಕಣ್ಣು ಮುಚ್ಚಿಕೊಂಡೇ "ಅವ್ವಾ, ಕೂಸು ಕೊಡು, ನಂಗೆ ಕಾಣ್ತಿಲ್ಲ" ಎಂದಳು. ಕೂಸು ಅವಳ ಮಗ್ಗುಲಲ್ಲೇ ಮಲಗಿತ್ತು. ಓಬಕ್ಕ ಅವಳ ಕೆನ್ನೆ ತಟ್ಟುತ್ತ, ಮಾತಾಡಿಸುತ್ತ ಕುಂತಳು. ನಾನು ಎಡಗೈಗೆ ಎರಡನೇ ಡ್ರಿಪ್ ಹಾಕುವಷ್ಟರಲ್ಲಿ ಬೋರಣ್ಣನೇ ತಿರುಗಿ ಫೋನ್ ಮಾಡಿದರು. ಸ್ಪೀಕರ್ ಹಾಕಿದೆ.

"ಎಲ್ಲಿದೀರಿ ಯಜಮಾನ್ರೇ?"

"ಹೊಳಲ್ಕೆರೆ ದಾಟ್ತಾ ಇದೀನ್ರಿ. ಯಾಕ್ರಿ ಮೇಡಮ್ಮೋರೇ, ಮಗಳು ಹುಷಾರಾಗಿದಾಳಾ?"

"ಚೀಲ ನಿಮ್ಮ ಹತ್ರಾನೇ ಐತಾ?"

ಆ ಕಡೆ ಲಾರಿಯೊಂದು ಹಾದುಹೋದದ್ದು ಕೇಳಿತು.

"ಐತ್ರಿ. ಹ್ಯಾಂಡ್ಲಿಗೆ ನೇತಾಕೀನಿ."

"ಅದನ್ನ ಬಿಚ್ಚಿ ಎಷ್ಟು ತುಂಡು ಇದಾವೆ ನೋಡಿ ಹೇಳ್ರಿ."

"ಯವ್ವಾ! ನಾನು ಗಂಡಸ್ರಿ! ಅದೊಂದು ಹೇಳ್ಬ್ಯಾಡ್ರಿ ನಂಗೆ. ಕತ್ತು ಕುಯ್ದ್ರೂ ಬಿಚ್ಚಲ್ಲ."

ಹೆಂಡತಿಯ ಮೇಲೆ ಎಗರಾಡಿದ ಹಾಗೆ ಗಂಡನ ಮೇಲೂ ಎಗರಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಕಣ್ಣು ಮೂಲೆಯ ಮೇಜಿಗೆ ಬಿತ್ತು. ಅಲ್ಲಿ ಕೂಸುಗಳನ್ನು ತೂಗುವ ತಕ್ಕಡಿ ಇತ್ತು. ನನ್ನ ತೆರೆದ ಬಾಯಿ ಹಾಗೇ ಉಳಿಯಿತು.

"ಅಮ್ಮ, ನೋಡ್ಬಾರ್ದು ಅಂದ್ರಿ. ಎಣಿಸ್ಬಾರ್ದು ಅಂದ್ರಿ. ತೂಗ್ಬಾರ್ದು ಅಂತ ನಿಮ್ಮತ್ತೆ ಯಾವತ್ತಾದ್ರೂ ಅಂದಿದ್ರಾ?"

ಏಕಾಂತಮ್ಮ ಕಣ್ಣೊರೆಸಿಕೊಂಡು ಯೋಚಿಸಿದರು. ಅಷ್ಟು ಕಷ್ಟದಲ್ಲೂ ನಿಜವಾಗಿ ಯೋಚಿಸಿದರು. "ತೂಗಾದು... ಇಲ್ಲ. ಅದನ್ಯಾರು ತೂಗ್ತಾರೆ?"

"ಚೀಲದ ಬಾಯಿ ಬಿಚ್ಚೋದು ಬೇಡ. ಯಾರ ಕಣ್ಣೂ ಬೀಳಲ್ಲ. ಕಟ್ಟಿದ್ದು ಕಟ್ಟಿದ್ದಂಗೇ ತಕ್ಕಡಿ ಮೇಲೆ ಇಟ್ರೆ ಸಾಕು. ನೀವು ಹೇಳ್ರಿ ಅವರಿಗೆ."

ಬಾಟಲಿಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿ ಅವರು ಫೋನಿನ ಕಡೆ ಬಗ್ಗಿದರು. ಕೂಸನ್ನು ನೋಡಿದರು, ಮಗಳನ್ನು ನೋಡಿದರು. ನಾನು ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು.

"ಏನ್ರೀ," ಎಂದರು ಕೊನೆಗೆ. "ಗಾಡಿ ನಿಲ್ಸ್ರಿ. ಅಂಗಡಿ ಯಾವ್ದಾರ ಇದ್ರೆ ಚೀಲ ತೂಗ್ಸ್ರಿ. ಬಿಚ್ಬ್ಯಾಡ್ರಿ, ಹಂಗೇ ತೂಗ್ಸ್ರಿ. ಲಗೂನ ತೂಗ್ಸ್ರಿ, ಮಗಳು ಸಾಯ್ತಾಳಂತೆ!"

ಆ ಕೊನೆಯ ಮಾತಿಗೆ ವಾರ್ಡಿನಲ್ಲಿ ಯಾರೋ ಅಳತೊಡಗಿದರು. ಫೋನಿನಲ್ಲಿ ಬೋರಣ್ಣನ ಏದುಸಿರು, ಚಪ್ಪಲಿಯ ಸದ್ದು, ತಗಡುಗಳ ಗಲಾಟೆ. ಗುಜರಿ ಅಂಗಡಿ ಸಿಕ್ಕಿತ್ತು. ಬೇರೊಂದು ದನಿ ಕೇಳಿತು.

"ಏನು ಯಜಮಾನ್ರೇ, ತಾಮ್ರನಾ ಕಬ್ಬಿಣನಾ? ಬಿಚ್ಚಿ ತೋರ್ಸಿ, ರೇಟು ಹೇಳ್ತೀನಿ."

"ಮುಟ್ಬ್ಯಾಡಪ್ಪ! ತೂಗು ಸಾಕು!"

"ನೋಡ್ದೆ ಹೆಂಗೆ ತೂಗ್ಲಿ? ಒಳಗೇನೈತೆ? ಪೊಲೀಸ್ ಗಿಲೀಸ್ ಬಂದ್ರೆ ನಂಗೆ ತಲೆನೋವು."

"ಭಾಯ್!" ಎಂದು ನಾನು ಫೋನಿನೊಳಗೆ ಕೂಗಿದೆ. "ಹೊಸದುರ್ಗದ ಹೆರಿಗೆ ಆಸ್ಪತ್ರೆಯಿಂದ ನರ್ಸ್ ಮಾತಾಡ್ತಿರೋದು. ಅವರ ಮಗಳು ಇಲ್ಲಿ ಸಾಯೋ ಹಂಗಿದಾಳೆ. ಚೀಲ ಬಿಚ್ಚಬೇಡಿ, ತೂಕ ಒಂದು ಹೇಳಿ. ನಿಮ್ಮ ಹೆಸರೇನು?"

"ಇಸ್ರಾರ್," ಎಂದಿತು ಆ ದನಿ, ಒಮ್ಮೆಲೇ ಮೆತ್ತಗಾಗಿ. "ಇಡ್ರಿ ಯಜಮಾನ್ರೇ. ಮೆಲ್ಲಕೆ ಇಡ್ರಿ. ಕೈ ತೆಗೀರಿ." ತಕ್ಕಡಿಯ ತಟ್ಟೆ ಸದ್ದು ಮಾಡಿತು. "ಎರಡು ಕೆಜಿಗೆ ಒಂದು ನಲವತ್ತು ಗ್ರಾಂ ಕಮ್ಮಿ ಸಿಸ್ಟರ್."

ಬೆಳಿಗ್ಗೆ ಆ ಚೀಲದ ಬಟ್ಟೆಯೆಲ್ಲ ಒಂದೇ ಸೀರೆಯದು. ಒಣಗಿದ, ಹಗುರ ಹತ್ತಿ ಸೀರೆ.

"ಅಮ್ಮ, ಅದರಂಥದ್ದೇ ಇನ್ನೊಂದು ಸೀರೆ ಐತಾ?"

ಅವರು ಕಾಲಿನಿಂದಲೇ ತಮ್ಮ ಬ್ಯಾಗನ್ನು ನನ್ನ ಕಡೆ ನೂಕಿದರು. ಅದರ ಜೊತೆಯ ಸೀರೆ ಇನ್ನೂ ಹರಿಯದೆ ಇತ್ತು. ಕೂಸಿನ ತಕ್ಕಡಿಯ ಮೇಲೆ ಹಾಕಿದೆ. ಅರ್ಧ ಕೆಜಿಯೂ ಇಲ್ಲ. ಉಳಿದ ಒಂದೂವರೆ ಕೆಜಿ ರಕ್ತ, ಸುಚಿತ್ರಾಳ ಮೈಯೊಳಗೆ ಇರಬೇಕಾದದ್ದು.

ನಾನು ಥಿಯೇಟರಿಗೆ ಓಡುವಾಗ ಹಿಂದೆ ಬೋರಣ್ಣನ ದನಿ ಕೇಳುತ್ತಿತ್ತು: "ಇಷ್ಟು ಭಾರ ಐತೆ ಅಂತ ನಂಗೆ ಗೊತ್ತಾಗ್ಲಿಲ್ವಲ್ಲೇ. ಹ್ಯಾಂಡ್ಲಿಗೆ ನೇತಾಕಿದ್ದೆ, ಗಾಡಿ ಎಡಕ್ಕೆ ಎಳೀತಿತ್ತು. ಆದ್ರೂ ಗೊತ್ತಾಗ್ಲಿಲ್ಲ."

"ಒಂದೂವರೆ ಲೀಟರ್, ಮೇಡಂ," ಎಂದೆ ಬಾಗಿಲಲ್ಲಿ. "ಗರ್ಭಕೋಶ ಗಟ್ಟಿ ಇದೆ. ಎಳೆ ಹಂಗೆ ಇನ್ನೂ ಇಳೀತಿದೆ."

ಈ ಸಲ ಅನುಪಮಾ ಡಾಕ್ಟರು ತಲೆಯೆತ್ತಿ ನೋಡಿದರು. "ಗರ್ಭಕೋಶದ ಬಾಯಿ ಹರಿದಿದೆ. ರಾಜಕುಮಾರ್ ಡಾಕ್ಟರಿಗೆ ಫೋನ್ ಮಾಡು. ಅವಳನ್ನ ಹೆರಿಗೆ ಕೋಣೆಗೆ ತಗೋ. ಗಂಡ ಎಲ್ಲಿ?"

ಗಂಡ ದುರ್ಗೇಶ್ ಚಿತ್ರದುರ್ಗದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ನಾನು ಫೋನ್ ಮಾಡಿದಾಗ ಹೆಣ್ಣು ಕೂಸು ಎಂಬ ಸುದ್ದಿಗೆ ಪೇಡೆ ಕೊಳ್ಳಲು ನಿಂತಿದ್ದನಂತೆ. ಅಂಗಡಿಯಿಂದಲೇ ರಕ್ತನಿಧಿಗೆ ಓಡಿದ. ರಾಜಕುಮಾರ್ ಡಾಕ್ಟರು ಊಟದ ಕೈ ತೊಳೆದವರೇ ಬೈಕಿನಲ್ಲಿ ಬಂದರು. ಅವರು ಒಳಗೆ ಹೋಗಿ, ನಮ್ಮ ಡಾಕ್ಟರು ಹೊರಗೆ ಬರುವವರೆಗಿನ ಹೊತ್ತು ಇದೆಯಲ್ಲ, ಅದನ್ನು ನಾನು ಮತ್ತೆ ನೆನೆಯಲು ಇಷ್ಟಪಡುವುದಿಲ್ಲ. ಹೆರಿಗೆ ಕೋಣೆಯಲ್ಲಿ ಸುಚಿತ್ರಾ ಮಾತು ನಿಲ್ಲಿಸಿದ್ದಳು. ನಾಡಿ ನನ್ನ ಬೆರಳಿಗೆ ಆಗಾಗ ಸಿಗುತ್ತಲೇ ಇರಲಿಲ್ಲ. ನಾನು ಗಾಯಕ್ಕೆ ಕಟ್ಟುವ ಹತ್ತಿಬಟ್ಟೆಯ ಸುರುಳಿಯನ್ನು ಒಳಗಿಟ್ಟು ಒತ್ತಿ ಹಿಡಿದು, ನನಗೆ ಗೊತ್ತಿದ್ದ ಎಲ್ಲ ದುವಾಗಳನ್ನೂ ಹೇಳಿದೆ. ಓಬಕ್ಕ ತನಗೆ ಗೊತ್ತಿದ್ದ ಎಲ್ಲ ದೇವರನ್ನೂ ಕರೆದಳು.

ಡಾಕ್ಟರು ಬಂದರು, ಹೊಸ ಗ್ಲೌಸ್ ಹಾಕಿದರು, ಟಾರ್ಚನ್ನು ನನ್ನ ಕೈಗೆ ಕೊಟ್ಟರು. ಹೊರಗಿನಿಂದ ಕಾಣದ ಒಳಮೂಲೆಯಲ್ಲಿ ಹರಿದಿತ್ತು. ಕೈ ಬೀಳುವ ಹಾಗೆ ನೋಯುತ್ತಿದ್ದರೂ ನಾನು ಟಾರ್ಚ್ ಅಲುಗಿಸಲಿಲ್ಲ. ಹೊಲಿಗೆಯ ಮೇಲೆ ಹೊಲಿಗೆ ಬಿದ್ದು, ಕೊನೆಯ ಗಂಟು ಬಿಗಿದಾಗ ಆ ಕೆಂಪು ಎಳೆ ನಿಂತಿತು.

"ನಿಂತಿದೆ," ಎಂದರು ಡಾಕ್ಟರು. "ನಿಂತೇ ಇರತ್ತಾ ಅನ್ನೋದು ನೋಡಬೇಕು. ಈಗಿನಿಂದ ಪ್ರತಿ ಬಟ್ಟೆ ತೂಗಬೇಕು ಸಿಮ್ರಾನ್. ಒಂದೂ ತಪ್ಪಬಾರದು."

ಹೊರಗೆ ಬಂದೆ. ಏಕಾಂತಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಂತಿದ್ದರು. ಬೋರಣ್ಣ ಇನ್ನೂ ಆ ಗುಜರಿ ಅಂಗಡಿಯ ಮುಂದೆಯೇ ನಿಂತಿದ್ದರಂತೆ. ಫೋನಿನಲ್ಲಿ ಕೇಳುತ್ತಿದ್ದರು, ಈಗ ಈ ಕಡೆ ಬರಲೋ ಆ ಕಡೆ ಹೋಗಲೋ ಎಂದು. ಏಕಾಂತಮ್ಮ ನನ್ನ ಮುಖ ನೋಡಿದರು. ಅದು ಅವರ ಮನೆಯ ಮಾತು ಎಂದು ನಾನು ಕೂಸಿನ ಹೊದಿಕೆ ಸರಿಪಡಿಸಿದೆ.

"ಹೂತು ಬರ್ರಿ," ಎಂದರು ಅವರು ಫೋನಿಗೆ. "ಆಳವಾಗಿ ತೋಡ್ರಿ."

ದುರ್ಗೇಶ್ ರಕ್ತದ ಪೆಟ್ಟಿಗೆ ಹಿಡಿದು ಬಂದಾಗ ಬಿಸಿಲು ಇಳಿದಿತ್ತು, ಸುಚಿತ್ರಾಳನ್ನು ವಾರ್ಡಿನ ಮಂಚಕ್ಕೆ ತಂದಾಗಿತ್ತು. ಪಕ್ಕದ ಲ್ಯಾಬಿನವರು ತಾಳೆ ನೋಡಿ ಕೊಟ್ಟರು. ಮೊದಲ ಚೀಲ ಸುಚಿತ್ರಾಳ ಮೈಗಿಳಿದಂತೆ ಅವಳ ತುಟಿಗೆ ಸ್ವಲ್ಪ ಬಣ್ಣ ಬಂತು, ಕರೆಂಟೂ ಬಂತು. ಕಣ್ಣು ಬಿಟ್ಟು ಮೇಲೆ ನೋಡಿ, "ಈಗ ನಿಜವಾಗ್ಲೂ ತಿರುಗ್ತೈತಾ?" ಎಂದಳು. ನಾನು ನಕ್ಕೆ. ನಗುವಾಗ ಅಳುವೂ ಬಂತು, ಅದಕ್ಕೇ ಅವಳಿಗೆ ಸ್ವಲ್ಪ ಬೈದೆ.

ಬಟ್ಟೆ ನೋಡುವ ಹೊತ್ತಾಯಿತು. ನಾನು ಪರದೆ ಎಳೆಯಲು ಹೋದೆ. ಏಕಾಂತಮ್ಮನ ಮನಸ್ಸು ನೋಯಿಸದ ಹಾಗೆ, ಬಟ್ಟೆಯನ್ನು ಯಾರಿಗೂ ಕಾಣದಂತೆ ಸುತ್ತಿ ತಕ್ಕಡಿಗೆ ಒಯ್ಯಬೇಕು ಎಂದುಕೊಂಡಿದ್ದೆ. ಅವರು ನನ್ನ ಕೈ ತಡೆದರು. ತಾವೇ ಬಗ್ಗಿ ಮಗಳ ಬಟ್ಟೆ ತೆಗೆದರು. ಈ ಸಲ ಮುಖ ತಿರುವಲಿಲ್ಲ. ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ, ಪಕ್ಕದ ಮಂಚದವರೆಲ್ಲ ನೋಡುತ್ತಿರುವಾಗಲೇ, ನನ್ನ ಮುಂದೆ ಚಾಚಿದರು.

"ನೋಡು ಮಗಾ. ಸರ್ಯಾಗಿ ನೋಡು. ಕಮ್ಮಿ ಐತಲ್ವಾ?"

ನೋಡಿದೆ. ತೂಗಿದೆ. ಕಮ್ಮಿ ಇತ್ತು. ಒಬ್ಬ ಬಾಣಂತಿಗೆ ಎಷ್ಟು ಹೋಗಬೇಕೋ ಅಷ್ಟೇ ಇತ್ತು. "ನಿಂತೈತೆ ಅಮ್ಮ," ಎಂದೆ.

ಅವರು ಕೈ ತೊಳೆದುಕೊಂಡು ಬಂದು ಕೂಸನ್ನು ಎತ್ತಿ ಸುಚಿತ್ರಾಳ ಎದೆಗೆ ಹಿಡಿದರು. ನಾನು ಮಗ್ಗುಲಲ್ಲಿ ನಿಂತು ಕೂಸಿನ ಬಾಯಿ ಸರಿಯಾಗಿ ಕೂರಿಸಿದೆ. ಮೊದಲು ಬರಿದೇ ಚೀಪಿತು, ಬಿಟ್ಟಿತು, ಅತ್ತಿತು. ಮತ್ತೆ ಹಿಡಿಯಿತು. ಇಷ್ಟು ರಕ್ತ ಹೋದವಳಿಗೆ ಹಾಲು ತಡವಾಗಬಹುದು ಎಂದು ನನಗೆ ಗೊತ್ತಿತ್ತು. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಹಳದಿ ಬಣ್ಣದ ದಪ್ಪ ಹನಿಯೊಂದು ಬಂತು. ಏಕಾಂತಮ್ಮ ಕೂಸಿನ ಗಂಟಲ ಹತ್ತಿರ ಕಿವಿಯಿಟ್ಟರು.

"ನುಂಗ್ತು," ಎಂದರು.

ಆಮೇಲೆ ಕಿವಿ ತೆಗೆದು, ಹಾಗೇ ಬಗ್ಗಿಕೊಂಡೇ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಯಾರನ್ನೂ ಕೇಳಲಾರದೆ ಇಟ್ಟುಕೊಂಡಿದ್ದ ಮಾತು ಅದು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಹಂಗಾರೆ ಅವತ್ತು, ನನ್ನ ಗಂಡು ಕೂಸು... ನಾನಲ್ವಾ ಮಗಾ?"

ಅಲ್ಲ ಎಂದು ತಲೆಯಾಡಿಸಿದೆ. ಅವರಿಗೆ ಅಷ್ಟು ಸಾಲಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ಬಾಯ್ಬಿಟ್ಟು ಹೇಳವ್ವ."

"ನೀವಲ್ಲ ಅಮ್ಮ," ಎಂದೆ, ವಾರ್ಡಿನವರಿಗೆಲ್ಲ ಕೇಳುವಷ್ಟು ಜೋರಾಗಿ. "ನೀವಲ್ಲ."